ಅಧ್ಯಕ್ಷರ ಎಡಭುಜದ ಹಿಂದೆ ನಿಂತವನು

ನಿನ್ನೆ ನಾವು ಅಹಂಕಾರ ಮನುಷ್ಯನೊಳಗೆ ಬರುವ ಬಾಗಿಲುಗಳ ಬಗ್ಗೆ ಮಾತಾಡುತ್ತಿದ್ದೆವು. ದೊಡ್ಡ ಬಾಗಿಲುಗಳನ್ನೆಲ್ಲ ನೋಡಿಯಾಯಿತು. ಹಣದ ಬಾಗಿಲು, ರೂಪದ ಬಾಗಿಲು, ಮನೆತನದ ಬಾಗಿಲು. ಅವನ್ನು ಕೇಳುತ್ತಿರುವಾಗ ನಿಮಗೆಲ್ಲ ಒಳಗೊಳಗೇ ಖುಷಿ. ಇದು ಪಕ್ಕದ ಮನೆಯವರಿಗೆ ಹೇಳಿದ್ದು ಎಂದುಕೊಂಡು ಮನೆಗೆ ಹೋದಿರಿ. ಇವತ್ತು ಒಂದು ಸಣ್ಣ ಕಿಂಡಿ ತೋರಿಸುತ್ತೇನೆ. ಅದು ಪಕ್ಕದ ಮನೆಯಲ್ಲಿಲ್ಲ.

ಹೋದ ತಿಂಗಳು ನೀವು ಯಾವುದಾದರೂ ಒಂದು ಮದುವೆಗೆ ಹೋಗಿರುತ್ತೀರಿ. ಊಟ ಮುಗಿಸಿ ಕೈ ತೊಳೆಯಲು ಎದ್ದಿದ್ದೀರಿ. ಯಾರೋ ಒಬ್ಬರು ಎದುರು ಬಂದು ನಗುತ್ತಾರೆ. 'ಏನ್ರೀ, ಗುರುತು ಸಿಕ್ತೇನು?' ಎಂದು ಕೇಳುತ್ತಾರೆ. ನಿಮಗೆ ಸಿಕ್ಕಿಲ್ಲ. ಎಷ್ಟು ನೋಡಿದರೂ ಸಿಗುತ್ತಿಲ್ಲ. ಆಗ ಏನು ಹೇಳುತ್ತೀರಿ? 'ಅಯ್ಯ, ನಿಮ್ಮ ಗುರುತು ಸಿಗದ ಇರತೈತೇನ್ರೀ' ಎನ್ನುತ್ತೀರಿ. ಅಷ್ಟಕ್ಕೇ ಬಿಡುತ್ತೀರಾ? 'ಮನ್ಯಾಗ ಎಲ್ಲಾರೂ ಆರಾಮ ಅದಾರಲ್ಲ?' ಎಂದು ಬೇರೆ ಕೇಳುತ್ತೀರಿ. ಯಾರ ಮನೆ? ಯಾವ ಎಲ್ಲಾರೂ? ಆ ಕಂಬದ ಹತ್ತಿರ ಕುಳಿತು ಜೋರಾಗಿ ನಗುತ್ತಿರುವ ಅಣ್ಣನವರು ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ಹೀಗೆಯೇ ನನ್ನನ್ನೂ ವಿಚಾರಿಸಿದರು. 'ಮಕ್ಕಳು ಏನು ಓದಾಕತ್ತಾವು?' ಎಂದು ಕೇಳಿದರು. ಸನ್ಯಾಸಿಯನ್ನು.

ನಗುವ ಮಾತು, ನಿಜ. ಆದರೆ ಇದೇ ಒಂದು ಮಾತಿನಿಂದ ಒಬ್ಬ ಮನುಷ್ಯ ಹಾಳಾದ. ಅವನೊಬ್ಬ ಹಾಳಾಗಿದ್ದರೆ ನಾನು ಈ ಕಥೆ ಹೇಳುತ್ತಿರಲಿಲ್ಲ. ಹೇಳುವಾಗೆಲ್ಲ ನನಗೆ ನಾಚಿಕೆಯಾಗುತ್ತದೆ. ಯಾಕೆ ಎಂಬುದನ್ನು ಕೊನೆಗೆ ಹೇಳುತ್ತೇನೆ.

ಒಂದು ದೇಶ ಎಂದುಕೊಳ್ಳಿ. ದೂರದ ದೇಶ, ಹೆಸರು ಬೇಡ. ಅಲ್ಲಿಯ ಜನ ಓಟು ಹಾಕಿ ತಮ್ಮ ಅಧ್ಯಕ್ಷನನ್ನು ತಾವೇ ಆರಿಸುತ್ತಿದ್ದರು. ಆ ದೇಶದವರು ನಮ್ಮ ಕಡೆಯ ಮಾತನ್ನೇ ಆಡುತ್ತಾರೆ. ಯಾಕೆಂದರೆ ಕಥೆ ಹೇಳುತ್ತಿರುವವನು ನಾನು, ನನಗೆ ಬೇರೆ ಮಾತು ಬರುವುದಿಲ್ಲ.

ಆ ಅಧ್ಯಕ್ಷ ಎಂದರೆ ಜನರಿಗೆ ಪ್ರಾಣ. ಯಾಕೆ? ರಸ್ತೆ ಮಾಡಿಸಿದನೇ? ರಸ್ತೆಯನ್ನು ಎಲ್ಲರೂ ಮಾಡಿಸುತ್ತಾರೆ. ಭಾಷಣ ಚೆನ್ನಾಗಿ ಮಾಡುತ್ತಿದ್ದನೇ? ಅದನ್ನೂ ಎಲ್ಲರೂ ಮಾಡುತ್ತಾರೆ. ಅವನಿಗೆ ಜನರ ಹೆಸರು ಗೊತ್ತಿತ್ತು, ನೋಡಿ. ಪ್ರತಿ ಸೋಮವಾರ ಬೆಳಿಗ್ಗೆ ತನ್ನ ಭವನದ ದೊಡ್ಡ ಪಡಸಾಲೆಯಲ್ಲಿ ಜನರನ್ನು ಕಾಣುತ್ತಿದ್ದ. ಎದುರಿಗೆ ಬಂದವನು ಬಾಯಿ ತೆರೆಯುವ ಮೊದಲೇ ಅವನ ಹೆಸರು ಹಿಡಿದು ಕರೆದು, 'ಏನಪಾ, ಮಗಳ ಹೆರಿಗಿ ಆತೇನು? ನಿಮ್ಮಪ್ಪನ ಮೊಣಕಾಲು ನೋವು ಹ್ಯಾಂಗೈತಿ?' ಎಂದು ಕೇಳುತ್ತಿದ್ದ. ಬಂದವನು ತಾನು ಕೇಳಬೇಕೆಂದಿದ್ದುದನ್ನೇ ಮರೆತು ಕಣ್ಣೊರೆಸಿಕೊಳ್ಳುತ್ತಾ ಹೊರಗೆ ಬರುತ್ತಿದ್ದ. ಅರ್ಜಿ ಜೇಬಿನಲ್ಲೇ ಉಳಿದಿರುತ್ತಿತ್ತು.

ಇಷ್ಟು ಜನರ ಹೆಸರು ಒಬ್ಬನಿಗೆ ನೆನಪಿರುತ್ತದೆಯೇ? ಇರುವುದಿಲ್ಲ. ಅಧ್ಯಕ್ಷನ ಎಡಭುಜದ ಹಿಂದೆ, ಒಂದು ಮೊಳ ದೂರದಲ್ಲಿ, ಅವನ ಆಪ್ತ ಸಹಾಯಕ ನಿಂತಿರುತ್ತಿದ್ದ. ಅಧ್ಯಕ್ಷ ಎಡಗೈಯಿಂದ ಶಾಲು ಸರಿಪಡಿಸಿಕೊಂಡ ಎಂದರೆ 'ಇವನು ಯಾರು?' ಎಂದು ಅರ್ಥ. ಸಹಾಯಕ ತುಟಿ ಅಲ್ಲಾಡಿಸದೆ ಹೆಸರು, ಊರು, ಮನೆಯ ಸುದ್ದಿ ಮೂರನ್ನೂ ಕಿವಿಯಲ್ಲಿ ಹಾಕುತ್ತಿದ್ದ. ಜನರಿಗೆ ಕಾಣುತ್ತಿದ್ದುದು ಶಾಲು ಮಾತ್ರ. ಅಧ್ಯಕ್ಷರು ಎಷ್ಟು ಸಲ ಶಾಲು ಹೊದ್ದುಕೊಳ್ಳುತ್ತಾರಪ್ಪ, ಪಾಪ, ಚಳಿ ಇರಬೇಕು ಎಂದುಕೊಳ್ಳುತ್ತಿದ್ದರು.

ಈ ಸಹಾಯಕ ಹುಟ್ಟಿನಿಂದ ದೊಡ್ಡವನಲ್ಲ. ಹದಿನಾರು ವರ್ಷ ಬಸ್ಸಿನ ಕಂಡಕ್ಟರ್ ಆಗಿದ್ದ. ಹತ್ತಿದವರು ಯಾರು, ಇಳಿಯುವುದು ಎಲ್ಲಿ, ಹೋದ ವಾರ ಯಾಕೆ ಬರಲಿಲ್ಲ, ಎಲ್ಲ ಅವನ ತಲೆಯಲ್ಲಿ. ಮುಂದೆ ಅಧ್ಯಕ್ಷನಾದವನು ಆಗ ಓಟು ಕೇಳಲು ಹೊರಟಿದ್ದ. ಕಾರು ಕೆಟ್ಟು ಆ ಬಸ್ಸು ಹತ್ತಿದ, ಕಂಡಕ್ಟರನ ಪಕ್ಕದಲ್ಲೇ ಕುಳಿತ. ಹತ್ತುವ ಒಬ್ಬೊಬ್ಬರ ಹೆಸರನ್ನೂ ಸುದ್ದಿಯನ್ನೂ ಕಂಡಕ್ಟರ್ ಹೇಳಿದ, ಇವನು ಅದನ್ನೇ ಹಿಡಿದು ಅವರನ್ನು ಮಾತಾಡಿಸಿದ. ಇಳಿಯುವಷ್ಟರಲ್ಲಿ ಬಸ್ಸಿಗೆ ಬಸ್ಸೇ ಅವನ ಪಕ್ಷವಾಗಿತ್ತು. ಇಳಿಯುವಾಗ ಕಂಡಕ್ಟರನ ಭುಜ ಹಿಡಿದು ಅಂದ, 'ನನ್ನ ಸಂಗಾಟ ಬಾ. ಟಿಕೇಟು ಹರಿಯೂದು ಸಾಕು.'

ಇಪ್ಪತ್ತು ವರ್ಷ. ನೋಡಿ, ಇಪ್ಪತ್ತು ವರ್ಷ ಅವನು ಆ ಭುಜದ ಹಿಂದೆ ನಿಂತ. ಮಂತ್ರಿಗಳು ಅವನನ್ನು ಕಂಡರೆ ಎದ್ದು ನಿಲ್ಲುತ್ತಿದ್ದರು. ಭವನದ ಬಾಗಿಲಲ್ಲಿ ಯಾರನ್ನು ಬಿಡಬೇಕು ಎಂಬ ಪಟ್ಟಿಗೆ ಅವನದೇ ಸಹಿ. ಅವನು ಲಂಚ ತೆಗೆದುಕೊಂಡವನಲ್ಲ. ಸುಳ್ಳು ಹೇಳಿ ಯಾರನ್ನೂ ಜೈಲಿಗೆ ಹಾಕಿಸಿದವನಲ್ಲ. ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆಂದರೆ, ನೀವು ಈಗಾಗಲೇ ಅವನೊಳಗೊಬ್ಬ ಕಳ್ಳನನ್ನು ಹುಡುಕುತ್ತಿದ್ದೀರಿ. ಸಿಗುವುದಿಲ್ಲ. ಅವನು ನಿಮ್ಮ ಹಾಗೆ, ನನ್ನ ಹಾಗೆ, ಒಳ್ಳೆಯ ಮನುಷ್ಯ.

ಒಂದು ಸೋಮವಾರ ಏನಾಯಿತು? ಒಬ್ಬ ಮುದುಕ ಎದುರಿಗೆ ಬಂದ. ಅಧ್ಯಕ್ಷ ಶಾಲು ಸರಿಪಡಿಸಿಕೊಂಡ. ಸಹಾಯಕ ಬಾಯಿ ತೆರೆದ. ಹೆಸರು ಬರಲಿಲ್ಲ. ಮುಖ ಗೊತ್ತು, ಊರು ಗೊತ್ತು, ಹೆಸರು ಇಲ್ಲ. ಅಧ್ಯಕ್ಷ ಇನ್ನೊಂದು ಸಲ ಶಾಲಿಗೆ ಕೈ ಹಾಕಿದ. 'ನಮ್ಮ ಹಿರ್ಯಾರು, ಭಾಳ ಬೇಕಾದವರು' ಎಂದು ಸಹಾಯಕ ಏನೋ ಒಂದು ಪಿಸುಗುಟ್ಟಿದ. ಅಧ್ಯಕ್ಷ 'ಬರ್ರಿ ಹಿರ್ಯಾರ' ಎಂದು ತಬ್ಬಿಕೊಂಡ. ಗಂಡಾಂತರ ದಾಟಿತು. ಆದರೆ ಸಹಾಯಕ ಸಂಜೆಯವರೆಗೂ ಆ ಹೆಸರನ್ನೇ ಹುಡುಕುತ್ತಿದ್ದ.

ಅವತ್ತಿನಿಂದ ಅವನಿಗೆ ಭಯ ಹಿಡಿಯಿತು. ಊಟಕ್ಕೆ ಕುಳಿತರೆ ಹೆಸರು, ಸ್ನಾನಕ್ಕೆ ನಿಂತರೆ ಹೆಸರು. ಅಂಗಿಯ ತೋಳಿನ ಒಳಗೆ ಪೆನ್ನಿನಲ್ಲಿ ಬರೆದುಕೊಂಡ, ಬೆವರಿಗೆ ಅಳಿಸಿಹೋಯಿತು. ವಯಸ್ಸಾಯಿತು, ಈಗ ಮೊದಲಿನ ಹಾಗೆ ನೆನಪಿರುವುದಿಲ್ಲ ಎಂದು ಅಧ್ಯಕ್ಷನಿಗೆ ಒಂದು ಮಾತು ಹೇಳಬಹುದಿತ್ತಲ್ಲ? ಹೇಳಲಿಲ್ಲ. ಒಂದು ಉಪಾಯ ಮಾಡಿದ. ತನಗೆ ಹೆಸರು ಗಟ್ಟಿಯಾಗಿ ನೆನಪಿರುವವರನ್ನಷ್ಟೇ ಒಳಗೆ ಬಿಡತೊಡಗಿದ. ಗುರುತಿಲ್ಲದ ಮುಖವಾದರೆ 'ಮುಂದಿನ ವಾರ ಬರ್ರಿ.' ಸ್ವಲ್ಪ ಅನುಮಾನ ಬಂದರೂ 'ಮುಂದಿನ ವಾರ ಬರ್ರಿ.' ಹೀಗೆ ಸೋಸಿ ಸೋಸಿ ಕೊನೆಗೆ ಅದೇ ನಲವತ್ತು ಐವತ್ತು ಮಂದಿ ಸರದಿಯಲ್ಲಿ ಬರುವಂತಾಯಿತು. ಅವರಿಗೆ ಕಷ್ಟವಿರಲಿಲ್ಲ. ಕಷ್ಟವಿಲ್ಲದವರು ತಾನೇ ವಾರ ವಾರ ಬರಲು ಸಾಧ್ಯ? ಅಧ್ಯಕ್ಷ ಕೇಳುತ್ತಿದ್ದ, 'ಎಲ್ಲಾ ಸುಖ ಐತೇನು?' ಅವರು ಹೇಳುತ್ತಿದ್ದರು, 'ನಿಮ್ಮ ಆಶೀರ್ವಾದ.' ದೇಶ ಸುಖವಾಗಿದೆ ಎಂದು ಅಧ್ಯಕ್ಷ ನಂಬಿದ. ಸಹಾಯಕನಿಗೆ ಆ ವರ್ಷ ಒಂದು ಬಿರುದನ್ನೂ ಕೊಟ್ಟ.

ಇಂಥ ಹೊತ್ತಿನಲ್ಲಿ ಒಂದು ಸೋಮವಾರ ಭವನದ ಬಾಗಿಲಿಗೆ ಒಬ್ಬ ಹೆಂಗಸು ಬಂದಳು. ನಡುವಯಸ್ಸು ದಾಟಿದವಳು. ಊರಿನವರ ಬಟ್ಟೆ ಒಗೆದು ಬದುಕುವವಳು, ಬೆರಳ ತುದಿಗಳೆಲ್ಲ ನೀರಿಗೆ ಸುಕ್ಕುಗಟ್ಟಿದ್ದವು. ಕೈಯಲ್ಲಿ ಅರ್ಜಿಯಿಲ್ಲ. ಒಂದು ಬಿಳಿಯ ಬಟ್ಟೆಯ ತುಂಡು ಮಾತ್ರ. ಸಹಾಯಕ ಪಟ್ಟಿ ಹಿಡಿದು ಬಾಗಿಲಿಗೆ ಬಂದಾಗ ಅವಳ ಮುಖ ಅರಳಿತು.

'ಯಣ್ಣಾ, ಗುರುತು ಸಿಕ್ತೇನ್ರೀ?'

ಕೇಳಿದಿರಾ? ಅದೇ ಪ್ರಶ್ನೆ. ಸುತ್ತಲೂ ಕಾವಲಿನವರು, ಕಾರಕೂನರು, ನಾಲ್ಕು ಮಂದಿ ದೊಡ್ಡವರು. ಆ ಭವನದಲ್ಲೆಲ್ಲ ಜನರ ಗುರುತಿಗೆ ಹೆಸರಾದವನು ಇವನು. ಅವಳನ್ನು ನೋಡಿದ. ಎಲ್ಲೋ ನೋಡಿದ ಮುಖ. ಎಲ್ಲಿ? ಗೊತ್ತಾಗಲಿಲ್ಲ. ಏನು ಹೇಳಿದ?

'ಯಾಕ ಸಿಗೂದಿಲ್ಲವಾ? ನಿನ್ನ ಮರೀತೀನೇನು?'

ಮುಗಿಯಿತು. ಕಥೆ ಇಲ್ಲಿಗೇ ಮುಗಿಯಿತು ನೋಡಿ. ಮುಂದೆ ಆದದ್ದೆಲ್ಲ ಈ ಒಂದು ಮಾತನ್ನು ಉಳಿಸಿಕೊಳ್ಳಲು ಆದದ್ದು.

ಅವಳಿಗೆ ಎಷ್ಟು ಸಂತೋಷ. 'ನಾ ಹೇಳಿದ್ದೆ ನಮ್ಮ ಮಂದೀಗೆ, ಯಣ್ಣಾ ಮರತಿರಂಗಿಲ್ಲ ಅಂತ. ಹದಿನಾರು ವರ್ಷ ಅವರ ಬಸ್ಸಿನ್ಯಾಗ ಅಡ್ಡಾಡೇನಿ ಅಂತ' ಎಂದಳು. ಆಮೇಲೆ ಆ ಬಟ್ಟೆ ಬಿಡಿಸಿ ತೋರಿಸಿದಳು. ಬಿಳಿಯದರ ಮೇಲೆ ತೆಳುವಾಗಿ ಕೆಮ್ಮಣ್ಣಿನ ಬಣ್ಣ. 'ನಮ್ಮೂರ ಕೆರಿ ಏರಿ ಬುಡದಾಗ ನೀರು ಬಸೀತೈತಲ್ರೀ, ಆ ಹೊಂಡದಾಗ ನಾ ಅರಿವಿ ಒಗೆಯೂದು. ಹುಟ್ಟಿದಾಗಿಂದ ನೋಡೇನಿ, ತಿಳಿನೀರು ಬಸೀತಿತ್ತು. ಈಗ ಬಿಳೀ ಧೋತರ ಒಗದ್ರ ಕೆಂಪಾಗಾಕತ್ತಾವು. ಏರಿಯೊಳಗಿನ ಮಣ್ಣು ನೀರಿನ ಸಂಗಾಟ ಹೊಂಟೈತ್ರಿ. ಅಲ್ಲೆ ಆಫೀಸಿನ್ಯಾಗ ಹೇಳಿದ್ರ ಎಲ್ಲಾ ಕೆರಿನೂ ಬಸೀತಾವ ಹೋಗವಾ ಅಂದ್ರು. ನೀವಾದ್ರ ನಮ್ಮ ಗುರುತಿನವರು.'

ಸಹಾಯಕ ಮೂರ್ಖನಲ್ಲ. ಏರಿ ಒಳಗಿಂದ ಕರಗುತ್ತಿದ್ದರೆ ಏನಾಗುತ್ತದೆ ಎಂದು ಅವನಿಗೆ ತಿಳಿಯಿತು. ಕೂಡಲೇ ಎಂಜಿನಿಯರುಗಳಿಗೆ ಹೇಳಬೇಕು ಎಂದೂ ತಿಳಿಯಿತು. ಆದರೆ ಎಂಜಿನಿಯರುಗಳಿಗೆ ಏನೆಂದು ಹೇಳುವುದು? ಯಾವ ಊರು? ಅವಳು 'ನಮ್ಮೂರ ಕೆರಿ' ಎಂದಳು. ಗುರುತು ಇದೆ ಎಂದವನ ಮುಂದೆ ಊರಿನ ಹೆಸರು ಯಾರಾದರೂ ಹೇಳುತ್ತಾರೆಯೇ? ಅವನು ಹದಿನಾರು ವರ್ಷ ತಿರುಗಿದ ಮಾರ್ಗಗಳಲ್ಲೇ ಎಷ್ಟೋ ಕೆರೆ. ಈಗ 'ನಿಮ್ಮದು ಯಾವ ಊರವಾ?' ಎಂದು ಕೇಳಿದರೆ, ಈಗಷ್ಟೇ ಆಡಿದ ಮಾತು ಸುಳ್ಳಾಯಿತು. ಕಾವಲಿನವರ ಮುಂದೆ, ಕಾರಕೂನರ ಮುಂದೆ.

'ಮುಂದಿನ ವಾರ ಬಾರವಾ, ಒಳಗ ಬಿಡತೀನಿ' ಎಂದ. ಒಂದು ವಾರದಲ್ಲಿ ನೆನಪಾಗುತ್ತದೆ ಎಂಬುದು ಅವನ ಲೆಕ್ಕ.

ನೆನಪಾಗಲಿಲ್ಲ. ಎರಡನೆಯ ಸೋಮವಾರ ಅವಳು ಮತ್ತೆ ಬಂದಳು. ಈ ಸಲ ಹೊಸದಾಗಿ ಒಗೆದು ತಂದ ಬಟ್ಟೆ ಇನ್ನಷ್ಟು ಕೆಂಪು. ಅವನು ಉಪಾಯದಿಂದ ಕೇಳಿದ, 'ಈಗ ನಿಮ್ಮೂರಿಗೆ ಬಸ್ಸು ಸರಿಯಾಗಿ ಬರತೈತೇನವಾ?'

'ನೀವು ಬಿಟ್ಟ ಮ್ಯಾಲ ಮೊದಲಿನಂಗ ಎಲ್ಲಿ ರೀ.'

'ಇಲ್ಲಿಗೆ ಯಾವ ಕಡಿಂದ ಬಂದಿ?'

'ಅದ ಹಳೇ ದಾರೀಲೆ.'

'ಊರ ಗೌಡ್ರು ಆರಾಮ ಅದಾರ?'

'ಅದಾರ್ರೀ. ನೀವು ಕೇಳಿದ್ರಿ ಅಂತ ಹೇಳತೀನಿ.'

ನೀವು ನಗುತ್ತಿದ್ದೀರಿ. ಅವನು ನಗುತ್ತಿರಲಿಲ್ಲ. ಮೂರನೆಯ ವಾರ, ನಾಲ್ಕನೆಯ ವಾರ. ಕಿಟಕಿಯಿಂದ ನೋಡಿದರೆ ಅವಳು ಬೇವಿನ ಮರದ ಕೆಳಗೆ ಕುಳಿತಿರುತ್ತಿದ್ದಳು, ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು. ಗೊಣಗುತ್ತಿರಲಿಲ್ಲ, ಕಾವಲಿನವರೊಂದಿಗೆ ಜಗಳ ಆಡುತ್ತಿರಲಿಲ್ಲ. ಗುರುತಿನವರು ಹೇಳಿದ್ದಾರೆ ಎಂದ ಮೇಲೆ ಜಗಳ ಯಾಕೆ? ಅವಳು ಜಗಳ ಆಡಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಆರನೆಯ ವಾರದ ಭಾನುವಾರ ಮಧ್ಯಾಹ್ನ ಅವನು ಟ್ರಂಕಿನಿಂದ ಹಳೆಯ ಬಸ್ ಮಾರ್ಗಗಳ ಪಟ್ಟಿ ತೆಗೆದು ನೆಲದ ಮೇಲೆ ಹರಡಿಕೊಂಡು ಕುಳಿತ. ಅರವತ್ತನಾಲ್ಕು ನಿಲ್ದಾಣ. ಕೆರೆ ಇರುವ ಊರುಗಳಿಗೆ ಪೆನ್ಸಿಲಿನಲ್ಲಿ ಗುಂಡಗೆ ಸುತ್ತು ಹಾಕಿದ. ಇಪ್ಪತ್ತಮೂರು. ಹೆಂಡತಿ ಬಂದು ಇದೇನು ಎಂದಳು. ಮೊದಲ ಸಲ ಅವನು ಯಾರಿಗಾದರೂ ಹೇಳಿದ್ದು ಅಂದೇ. ಅವಳು ಎಲ್ಲ ಕೇಳಿಸಿಕೊಂಡು ಅಲ್ಲೇ ಕುಳಿತುಬಿಟ್ಟಳು.

'ಆಕಿನ್ನ ಕೇಳಿಬಿಡ್ರಲ್ಲ.'

'ಹ್ಯಾಂಗ ಕೇಳಲಿ? ಮೊದಲನೇ ದಿನಾ ಕೇಳಿದ್ರ ಕೇಳಿದ್ದು. ಆರು ವಾರ ಆತು. ಈಗ ನೀ ಯಾರವಾ ಅಂದ್ರ ಆಕಿ ಏನಂದಾಳು?'

'ಆಕಿ ಹೆಸರು ಹೇಳತಾಳ. ಮತ್ತೇನಂದಾಳು?'

ಅವನು ಪೆನ್ಸಿಲು ಹಿಡಿದು ಮತ್ತೆ ಪಟ್ಟಿಯ ಮೇಲೆ ಬಾಗಿದ.

'ಗೊತ್ತಿಲ್ಲ ಅಂದ್ರ ನಿಮ್ಮ ತಲಿ ಕಳಚಿ ಬೀಳತೈತೇನ್ರೀ?' ಎಂದಳು ಹೆಂಡತಿ. 'ಇಪ್ಪತ್ಮೂರೂ ಊರಿಗೆ ಎಂಜಿನಿಯರ್ ಕಳಸ್ರಿ, ಹಂಗಾರ.'

'ಯಾರು ಹೇಳಿದ್ದು ಅಂತ ಕೇಳತಾರ. ಅದಕ್ಕೇನು ಹೇಳಲಿ?'

ನೋಡಿ, ತಾಯಂದಿರೇ. ಗೃಹಸ್ಥರ ಮನೆಯಲ್ಲಿ ದೇವರು ಮಾತಾಡುವುದು ಹೆಚ್ಚಾಗಿ ಅಡುಗೆಮನೆಯ ಕಡೆಯಿಂದ. ಅದನ್ನು ಕೇಳದೇ ಇರುವುದಕ್ಕೆ ಗಂಡಸರಿಗೆ ಬಹಳ ಅಭ್ಯಾಸವಿದೆ. ಅವನು ಆ ಪಟ್ಟಿ ಮಡಿಸಿ ಮತ್ತೆ ಟ್ರಂಕಿನಲ್ಲಿಟ್ಟ.

ಏಳನೆಯ ಸೋಮವಾರ ಬಟ್ಟೆ ಇಟ್ಟಿಗೆಯ ಬಣ್ಣಕ್ಕೆ ಬಂದಿತ್ತು. ಅವಳ ದನಿಯಲ್ಲಿ ಮೊದಲ ಸಲ ಅಂಜಿಕೆ. 'ಯಣ್ಣಾ, ಮಂದಿ ಊರು ಬಿಟ್ಟು ಗುಡ್ಡದ ಮ್ಯಾಲಿನ ಸಾಲಿಗೆ ಹೋಗೂನು ಅಂತಿದ್ರು. ನಾನ ತಡದೇನಿ. ಅಲ್ಲೆ ನಮ್ಮವರು ಅದಾರ, ನನ್ನ ಗುರುತು ಹಿಡದಾರ, ಕೆಲಸ ಆಗತೈತಿ ಅಂತ ಹೇಳೇನಿ. ಇನ್ನೊಂದು ವಾರ ತಡೀಲೇನ್ರೀ?'

ಆಗಲಾದರೂ ಕೇಳಬಹುದಿತ್ತು. ಕಾಲಿಗೆ ಬಿದ್ದು ಕೇಳಬಹುದಿತ್ತು. ಒಂದೇ ಪ್ರಶ್ನೆ, ನಿನ್ನ ಊರು ಯಾವುದು, ನಿನ್ನ ಹೆಸರೇನು. ಅವನ ಬಾಯಿಗೆ ಬಂದೂ ಇತ್ತು. ಅಷ್ಟರಲ್ಲಿ ಒಬ್ಬ ಮಂತ್ರಿ ಕಾರಿನಿಂದ ಇಳಿದ. 'ಒಂದು ವಾರ ತಡಿಯವಾ' ಎಂದು ಹೇಳಿ ಸಹಾಯಕ ಆ ಕಡೆ ತಿರುಗಿದ.

ಎಂಟನೆಯ ಸೋಮವಾರ ಬೇವಿನ ಮರದ ಕೆಳಗೆ ಯಾರೂ ಇರಲಿಲ್ಲ. ಮೊದಲು ಅವನಿಗೆ ಹಾಯೆನಿಸಿತು. ಇದನ್ನು ಮುಚ್ಚಿಡಬಾರದು, ಹಾಯೆನಿಸಿತು. ಒಂಬತ್ತು ಗಂಟೆಯಾಯಿತು, ಹತ್ತಾಯಿತು. ಅವನು ಮತ್ತೆ ಮತ್ತೆ ಕಿಟಕಿಗೆ ಬಂದ. ಹನ್ನೊಂದಕ್ಕೆ ಸುದ್ದಿ ಬಂತು. ಕೆರೆ ಒಡೆದಿದೆ. ಊರಿನ ಹೆಸರೂ ಬಂತು. ಹೆಸರು ಕಿವಿಗೆ ಬಿದ್ದದ್ದೇ ಅವನಿಗೆ ಎಲ್ಲ ನೆನಪಾಯಿತು. ಮೂರನೆಯ ಮಾರ್ಗ, ಆರನೆಯ ನಿಲ್ದಾಣ, ಹುಣಸೆಮರ. ಎರಡು ಗಂಟು ಬಟ್ಟೆ ಹೊತ್ತು ಓಡಿ ಬರುತ್ತಿದ್ದ ಹುಡುಗಿ. ಬಸ್ಸು ತಡೆದು ನಿಲ್ಲಿಸಿಕೊಂಡು ಹೆಸರು ಹಿಡಿದು ಕೂಗುತ್ತಿದ್ದುದು. ಗಂಟನ್ನು ತಾನೇ ಎತ್ತಿ ಮೇಲಿಡುತ್ತಿದ್ದುದು. ಎಲ್ಲ ನೆನಪಾಯಿತು. ಏನೆಂದು ಕೂಗುತ್ತಿದ್ದೆ ಎಂಬುದು ಮಾತ್ರ ನೆನಪಾಗಲಿಲ್ಲ.

ಹನ್ನೆರಡು ಮಂದಿ ಹೋದರು. ಅವರಲ್ಲಿ ಅವಳ ಗಂಡನೂ ಒಬ್ಬ. ಅವಳು ಉಳಿದಳು. ಯಾಕೆ ಉಳಿದಳು? ಬೆಳಿಗ್ಗೆ ಬೇಗ ಎದ್ದು, ಎಂಟನೆಯ ಬಟ್ಟೆ ಹಿಡಿದು, ದಿಬ್ಬದ ಮೇಲಿನ ರಸ್ತೆಯಲ್ಲಿ ಬಸ್ಸಿಗೆ ಕಾಯುತ್ತಾ ನಿಂತಿದ್ದಳು. ಇವನ ಹತ್ತಿರ ಬರುವುದಕ್ಕೆ.

ಎರಡು ದಿನ ಕಳೆದು ಅಧ್ಯಕ್ಷ ಅಲ್ಲಿಗೆ ಹೋದ. ಗುಡ್ಡದ ಮೇಲಿನ ಶಾಲೆಯ ಜಗುಲಿಯಲ್ಲಿ ಉಳಿದವರು ಸಾಲಾಗಿ ನಿಂತಿದ್ದರು. ಕಾರಿನಲ್ಲಿ ಸಹಾಯಕ ಊರಿನವರ ಪಟ್ಟಿಯನ್ನು ಉರು ಹೊಡೆದುಕೊಂಡು ಬಂದಿದ್ದ. ಇನ್ನೂರೆಂಬತ್ತು ಹೆಸರು. ಯಾವ ಹೆಸರಿಗೆ ಯಾವ ಮುಖ ಎಂದು ಪಟ್ಟಿ ಹೇಳುವುದಿಲ್ಲವಲ್ಲ. ಕೈಲಾದಷ್ಟು ಊಹಿಸಿ, ಪಕ್ಕದಲ್ಲಿದ್ದ, ಊರಿನ ಲೆಕ್ಕ ನೋಡುವ ತಲಾಟಿಯನ್ನು ಕಣ್ಣಿನಲ್ಲೇ ಕೇಳಿ ಹೇಗೋ ಕೆಲವರನ್ನು ದಾಟಿಸಿದ. ಆಮೇಲೆ ಅವಳು ಎದುರಾದಳು.

ಅಧ್ಯಕ್ಷ ಶಾಲು ಸರಿಪಡಿಸಿಕೊಂಡ. ಹಿಂದಿನಿಂದ ಮಾತಿಲ್ಲ. ಮತ್ತೆ ಸರಿಪಡಿಸಿಕೊಂಡ. ಮಾತಿಲ್ಲ. ಮೂರನೆಯ ಸಲ ಕೈ ಶಾಲಿನ ಮೇಲೆಯೇ ನಿಂತಿತು. ಇಪ್ಪತ್ತು ವರ್ಷದಲ್ಲಿ ಮೊದಲ ಬಾರಿಗೆ, ಜನರ ಎದುರಿಗೆ ಅಧ್ಯಕ್ಷ ಹಿಂತಿರುಗಿ ನೋಡಿದ.

'ಈಕಿ ಯಾರು?'

ಸಹಾಯಕ ಬಾಯಿ ತೆರೆಯುವ ಮೊದಲೇ ಅವಳೇ ಹೇಳಿದಳು. ಸಿಟ್ಟಿರಲಿಲ್ಲ ಅವಳಿಗೆ, ಅಳು ಅತ್ತು ಮುಗಿದಿತ್ತು. 'ಅವರಿಗೆ ನನ್ನ ಗುರುತು ಐತ್ರಿ ಸಾಹೇಬ್ರ. ಏಳು ವಾರ ನಿಮ್ಮ ಬಾಗಲಿಗೆ ಬಂದಿದ್ದೆ. ಅವರನ್ನ ಕೇಳ್ರಿ.'

ಎಲ್ಲರೂ ಅವನನ್ನೇ ನೋಡಿದರು. ಅವನು ತಲೆ ತಗ್ಗಿಸಿದ. 'ಗೊತ್ತಿಲ್ಲ' ಎಂದ.

ಅವಳಿಗೆ ಅರ್ಥವಾಗಲಿಲ್ಲ. ಆಮೇಲೆ ನಿಧಾನಕ್ಕೆ ಅರ್ಥವಾಯಿತು. 'ಗೊತ್ತಿರಲಿಲ್ಲೇನ್ರೀ?' ಎಂದಳು. 'ಅವತ್ತ ಅಂದಿದ್ರ ನಾ ಹೇಳತಿದ್ದೆನಲ್ರೀ.'

ಇಷ್ಟೇ ಅವಳು ಅಂದದ್ದು. ಶಾಪ ಹಾಕಲಿಲ್ಲ, ಮಣ್ಣು ತೂರಲಿಲ್ಲ. ಅವತ್ತು ಅಂದಿದ್ದರೆ ನಾನು ಹೇಳುತ್ತಿದ್ದೆನಲ್ಲ, ಅಷ್ಟೇ.

ಅವತ್ತು ಸಂಜೆಯೇ ಎರಡು ಸಾಲಿನ ಒಂದು ಕಾಗದ ಬಂತು. ಸಹಾಯಕನ ಕೆಲಸ ಹೋಯಿತು. ಬಿರುದು ಹೋಯಿತು. ಎದ್ದು ನಿಲ್ಲುತ್ತಿದ್ದ ಮಂತ್ರಿಗಳು ರಸ್ತೆಯ ಆ ಬದಿಗೆ ಹೋದರು. ಅವನು ತನ್ನ ಊರಿಗೆ ಹೋಗಿ ಬಸ್ ಸ್ಟ್ಯಾಂಡಿನ ಹಿಂದೆ ಎರಡು ಕೋಣೆಯ ಮನೆಯಲ್ಲಿ ಉಳಿದ. ಯಾರಾದರೂ ಎದುರಾಗಿ 'ಗುರುತು ಸಿಕ್ತೇನ್ರೀ?' ಎಂದರೆ ಅವನು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದನಂತೆ. ಸ್ವಂತ ಅಣ್ಣನ ಮಗ ಬಂದು ಕೇಳಿದರೂ 'ಇಲ್ಲಪಾ, ಯಾರು ನೀ? ಹೇಳು, ಊರು ಯಾವುದು ಹೇಳು' ಎನ್ನುತ್ತಿದ್ದನಂತೆ. ಅವನಿಗೆ ಆಗ ಗೊತ್ತಿದ್ದವರ ಬಗ್ಗೆಯೂ ಭಯ.

ಕಥೆ ಇಷ್ಟು. ಈಗ ನಿಮ್ಮ ಕಡೆ ತಿರುಗುತ್ತೇನೆ. ಎದ್ದು ಹೋಗಬೇಕೆನ್ನುವವರಿಗೆ ಬಾಗಿಲು ತೆರೆದಿದೆ.

ಸಹಾಯಕ ತಪ್ಪು ಮಾಡಿದ, ಸರಿ. ಆದರೆ ಆ ಅಧ್ಯಕ್ಷ? ಆ ಜಗುಲಿಯಲ್ಲಿ ಮೂರು ಸಲ ಶಾಲು ಮುಟ್ಟಿಕೊಂಡನಲ್ಲ, ಒಂದು ಸಲ ಬಾಯಿ ಬಿಟ್ಟು 'ನಿನ್ನ ಹೆಸರೇನವಾ' ಎಂದು ಆ ತಾಯಿಯನ್ನೇ ಕೇಳಬಹುದಿತ್ತಲ್ಲ? ಗಂಡನನ್ನು ಕಳೆದುಕೊಂಡವಳು ಎದುರಿಗೆ ನಿಂತಿದ್ದಾಳೆ, ಇವನು ಹಿಂತಿರುಗಿ 'ಈಕಿ ಯಾರು' ಎಂದು ಇನ್ನೊಬ್ಬನನ್ನು ಕೇಳುತ್ತಾನೆ. ಕಾಗದ ಕಳಿಸಿದ, ಹೊಸ ಸಹಾಯಕನನ್ನು ಇಟ್ಟುಕೊಂಡ, ಅದೇ ಶಾಲು ಹೊದ್ದುಕೊಂಡ.

ಅವರಿಬ್ಬರ ಮಾತು ಬಿಡಿ. ಡಾಕ್ಟರ ಮುಂದೆ ಕುಳಿತಿರುತ್ತೀರಿ. ಅವರು ಗುಳಿಗೆಯ ಬಗ್ಗೆ ಹೇಳಿ 'ತಿಳೀತಾ?' ಎನ್ನುತ್ತಾರೆ. ನೀವು 'ತಿಳೀತ್ರಿ' ಎನ್ನುತ್ತೀರಿ. ಹೊರಗೆ ಬಂದು ಹೆಂಡತಿಯನ್ನು ಕೇಳುತ್ತೀರಿ, ಊಟಕ್ಕೆ ಮೊದಲೋ ಆಮೇಲೋ. ಮನೆಯಲ್ಲಿ ಸೊಸೆ ಏನೋ ಹೇಳುತ್ತಾಳೆ, ಪೇಪರಿನಿಂದ ತಲೆ ಎತ್ತದೆ 'ಹೂಂ, ಗೊತ್ತೈತಿ' ಎನ್ನುತ್ತೀರಿ. ಏನು ಗೊತ್ತಿದೆ? ಆ ಹುಡುಗಿ ಬಿಳಿಯ ಬಟ್ಟೆ ಹಿಡಿದು ನಿಮ್ಮ ಬಾಗಿಲಲ್ಲಿ ಎಷ್ಟನೆಯ ವಾರ ನಿಂತಿದ್ದಾಳೆ? ಅವಳು ಸುಮ್ಮನಿದ್ದಾಳೆ ಎಂದರೆ ಸುಖವಾಗಿದ್ದಾಳೆ ಎಂದುಕೊಂಡಿದ್ದೀರಿ. ಗುರುತಿನವರು ಎಂದು ನಂಬಿ ಸುಮ್ಮನಿದ್ದಾಳೆ. ನನಗೆ ಹೆದರಿಕೆಯಾಗುತ್ತದೆ, ನಿಮಗಾಗುವುದಿಲ್ಲವೇ?

ನಾನು ದೊಡ್ಡ ವ್ರತ ಹೇಳುವುದಿಲ್ಲ. ಉಪವಾಸ ಬೇಡ, ಜಪ ಬೇಡ. ನಾಳೆ ಬೆಳಿಗ್ಗೆಯಿಂದ ಒಂದು ಮಾತು ಬಾಯಿಗೆ ರೂಢಿ ಮಾಡಿಕೊಳ್ಳಿ. 'ಗೊತ್ತಿಲ್ಲ, ಹೇಳಿ.' ಮದುವೆ ಮನೆಯಲ್ಲಿ ಗುರುತು ಸಿಗದಿದ್ದರೆ 'ಸಿಗಲಿಲ್ಲ, ಹೇಳಿ' ಎನ್ನಿ. ಡಾಕ್ಟರರು ಹೇಳಿದ್ದು ತಿಳಿಯದಿದ್ದರೆ 'ತಿಳಿಯಲಿಲ್ಲ, ಇನ್ನೊಮ್ಮೆ ಹೇಳಿ' ಎನ್ನಿ. ಮೊದಲನೆಯ ದಿನವೇ ಹೇಳಿ. ಮೊದಲ ದಿನ ಅದು ಒಂದು ಮಾತು, ಏಳನೆಯ ವಾರಕ್ಕೆ ಅದು ಬೆಟ್ಟವಾಗುತ್ತದೆ. ಈಗಾಗಲೇ ಏಳು ವಾರ ಆಗಿಹೋಗಿದ್ದರೆ? ಆಗಲೂ ಹೇಳಿ. ಎಂಟನೆಯ ಸೋಮವಾರಕ್ಕೆ ಕಾಯಬೇಡಿ.

ಈ ಕಥೆ ಹೇಳುವಾಗೆಲ್ಲ ನಾಚಿಕೆಯಾಗುತ್ತದೆ ಎಂದಿದ್ದೆನಲ್ಲ. ಯಾಕೆ ಹೇಳಲೇ? ಈ ಕಥೆ ನನಗೆ ಹೇಳಿದವರು ನನ್ನ ಗುರುಗಳು. ಹೇಳಿ ಮುಗಿಸಿ ಬಹಳ ಹೊತ್ತು ನನ್ನ ಮುಖ ನೋಡಿದರು. ನಾನು 'ತಿಳೀತು ಬುದ್ಧಿ' ಎಂದು ಕೈಮುಗಿದೆ. ಅವರು ಹೋದ ಎಷ್ಟೋ ವರ್ಷದ ಮೇಲೆ ನನಗೆ ಹೊಳೆಯಿತು, ಅವರು ಯಾಕೆ ಹಾಗೆ ಕಾಯುತ್ತಿದ್ದರು ಎಂದು. ಆ ಬಟ್ಟೆ ಒಗೆಯುವ ತಾಯಿಯ ಹೆಸರೇನು ಎಂದು ನಾನು ಕೇಳಲಿಲ್ಲ. ಈಗ ಕೇಳೋಣವೆಂದರೆ ಅವರಿಲ್ಲ. ಇಷ್ಟು ಹೊತ್ತು ನಿಮಗೆ ಅವಳ ಕಥೆ ಹೇಳಿದೆ, ನಡುನಡುವೆ ನಿಲ್ಲಿಸಿ ಎಷ್ಟು ಪ್ರಶ್ನೆ ಕೇಳಿದೆ. ನಿಮ್ಮಲ್ಲಿಯೂ ಒಬ್ಬರು ಕೇಳಲಿಲ್ಲ.

ನೋಡಿ, ಈ ನೀರಿನ ಲೋಟ. ಒಂಬತ್ತು ದಿನದಿಂದ ನಾನು ಬಾಯಿ ಒಣಗಿಸಿಕೊಳ್ಳುವ ಹೊತ್ತಿಗೆ ಸರಿಯಾಗಿ ಒಬ್ಬ ತಾಯಿ ಇದನ್ನು ತಂದಿಡುತ್ತಾರೆ. ನೀವು ಮೇಲೆದ್ದು ಹೋದ ಮೇಲೆ ನಿಮ್ಮ ಚಾಪೆ ಸುತ್ತಿಡುವವರೂ ಅವರೇ. ಎಂಟು ದಿನ ನಾನು ಅವರನ್ನು ನೋಡಿ ಗೊತ್ತಿರುವವರ ಹಾಗೆ ತಲೆಯಾಡಿಸಿದೆ. ಇವತ್ತು ಬೆಳಿಗ್ಗೆ ಕೇಳಿದೆ. ನಾಚಿಕೆಯಾಯಿತು, ಆದರೂ ಕೇಳಿದೆ. ಹೇಳಿದರು, ನಕ್ಕರು, ಊರು ಯಾವುದು ಎಂದೂ ಹೇಳಿದರು. ಈಗ ಅವರು ಹೊರಗೆ, ನೀವು ಚಪ್ಪಲಿ ಬಿಟ್ಟ ಜಾಗದ ಹತ್ತಿರ ನಿಂತಿದ್ದಾರೆ. ಅವರ ಹೆಸರನ್ನು ನಾನು ಇಲ್ಲಿಂದ ಹೇಳುವುದಿಲ್ಲ.

ಚಪ್ಪಲಿ ಮೆಟ್ಟಿಕೊಳ್ಳುವ ಮೊದಲು ನೀವೇ ಕೇಳಿ.